ಹೋಬಾರ್ಟನ ಓಟು, ನೋರೀನಳ ಕೈ

ನೋರೀನ್ ಟ್ಯಾಕೆಟ್ ಅಂದರೆ ಮುಖ ತಿರುಗಿಸುವವರು ನಮ್ಮ ಕೌಂಟಿಯಲ್ಲಿ ಈಗ ಬೇಕಾದಷ್ಟು ಜನ ಇದ್ದಾರೆ. ಮೊದಲು ಹಾಗಿರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ತಲೆ ನರೆಯುವ ತನಕ ಸೌಟು ಹಿಡಿದವಳು ಅವಳು. ಊರಿನ ಅರ್ಧಕ್ಕರ್ಧ ಜನ ಅವಳ ಕೈಯ ಕೋಳಿ ನೂಡಲ್ಸ್ ತಿಂದೇ ಬೆಳೆದದ್ದು. ತಟ್ಟೆಯಲ್ಲಿ ಬಿಟ್ಟು ಏಳುವ ಹುಡುಗನ ಕಿವಿ ಹಿಂಡುವಳು, ಮನೆಯಲ್ಲಿ ಊಟವಿಲ್ಲದ ಹುಡುಗನಿಗೆ ಯಾರಿಗೂ ಕಾಣದ ಹಾಗೆ ಎರಡು ಸಲ ಬಡಿಸುವಳು. ಅಂಥವಳ ಬೆನ್ನ ಹಿಂದೆ ಇವತ್ತು ಪೆಟ್ರೋಲ್ ಬಂಕಿನಲ್ಲಿ, ಕ್ಷೌರದಂಗಡಿಯಲ್ಲಿ, ಕೊನೆಗೆ ಚರ್ಚಿನ ಮೆಟ್ಟಿಲ ಮೇಲೂ ಒಂದೇ ಮಾತು: "ಲಕ್ವ ಹೊಡೆದವನ ಓಟು ನುಂಗಿದವಳು." ಅನ್ನುವವರ ಬಾಯಿ ಕಟ್ಟೋಕಾಗುತ್ತಾ? ಅನ್ನಲಿ. ಆದರೆ ನಡೆದದ್ದು ಏನು ಅಂತ ಒಬ್ಬರಾದರೂ ಸರಿಯಾಗಿ ಹೇಳಬೇಕಲ್ಲ.

ಇಂಡಿಯಾನಾದ ಈ ದಕ್ಷಿಣ ತುದಿಯಲ್ಲಿ ಎಲ್ಲಿ ಅಗೆದರೂ ಸುಣ್ಣಕಲ್ಲು. ನೋರೀನಳ ಅಪ್ಪ ಕಲ್ಲುಗಣಿಯಲ್ಲಿ ದುಡಿದವನು, ಗಂಡ ಆರ್ವಿಲ್ ಅದೇ ಗಣಿಯವನು, ಇಬ್ಬರೂ ಕಾರ್ಮಿಕ ಸಂಘದ ಕಟ್ಟಾಳುಗಳು. ಆ ಮನೆಯಲ್ಲಿ ಡೆಮಾಕ್ರಟ್ ಅನ್ನುವುದು ಪಕ್ಷದ ಹೆಸರಲ್ಲ, ಮನೆತನದ ಹೆಸರು. ಶರತ್ಕಾಲ ಬಂತೆಂದರೆ ಸಂಘದ ಸಭಾಂಗಣದಲ್ಲಿ ಪಕ್ಷದ ಊಟ. ಹಂದಿಮಾಂಸ ಹಾಕಿ ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ಬ್ರೆಡ್ಡು, ಮಧ್ಯೆ ಮಧ್ಯೆ ಅಭ್ಯರ್ಥಿಗಳ ಭಾಷಣ. ಭಾಷಣ ಯಾರದಾದರೂ ಆಗಲಿ, ಬೀನ್ಸ್ ಮಾತ್ರ ನೋರೀನಳದೇ. ಆರ್ವಿಲ್‌ನ ಎದೆಯನ್ನು ಕಲ್ಲಿನ ಧೂಳು ತಿಂದುಹಾಕಿ ಅವನು ತೀರಿಕೊಂಡ ಮರುವರ್ಷ, ಅಂಥ ಒಂದು ಊಟದ ದಿನ, ಪಾತ್ರೆ ಉಜ್ಜುತ್ತಿದ್ದವಳ ಹತ್ತಿರ ಪಕ್ಷದ ಸ್ಥಳೀಯ ಮುಖಂಡ ಬಂದು ನಿಂತ.

"ನೋರೀನ್, ಮನೇಲಿ ಕೂತು ಗೋಡೆ ನೋಡೋ ಬದಲು ಚೀಲ ಹೊರ್ತೀಯಾ?"

ಚೀಲ ಅಂದರೆ ಓಟಿನ ಚೀಲ. ಹಾಸಿಗೆ ಹಿಡಿದವರು, ಮನೆ ಬಿಟ್ಟು ಏಳಲಾರದವರು, ವೃದ್ಧರ ಮನೆ ಸೇರಿದವರು ಮತಗಟ್ಟೆಗೆ ಬರಲಾರರು ಅಂದರೆ, ಮತಗಟ್ಟೆಯೇ ಅವರ ಹತ್ತಿರ ಹೋಗುತ್ತದೆ. ಚುನಾವಣೆಗೆ ಮುಂಚಿನ ವಾರಗಳಲ್ಲಿ ಇಬ್ಬರು ಮತಪತ್ರಗಳ ಚೀಲ ಹಿಡಿದು ಮನೆಮನೆ ಸುತ್ತುತ್ತಾರೆ. ಒಬ್ಬರು ಡೆಮಾಕ್ರಟ್, ಒಬ್ಬರು ರಿಪಬ್ಲಿಕನ್. ಒಂದು ಪಕ್ಷದವರನ್ನೇ ಕಳಿಸಿದರೆ ಕೈಚಳಕ ತೋರಿಸಿಯಾರು. ಎರಡು ಪಕ್ಷದವರನ್ನು ಒಂದೇ ಕಾರಿನಲ್ಲಿ ತುಂಬಿದರೆ ಒಬ್ಬರನ್ನೊಬ್ಬರು ಕಾಯುತ್ತಾರೆ ಅನ್ನುವ ಲೆಕ್ಕ. ಕೈ ನಡುಗುವವರಿಗೆ, ಕಣ್ಣು ಕಾಣದವರಿಗೆ ಇವರೇ ಗುರುತು ಹಾಕಿಕೊಡಬೇಕು. ಒಬ್ಬರು ಹೆಸರು ಓದುವುದು, ಇನ್ನೊಬ್ಬರು ಪೆನ್ನು ಹಿಡಿಯುವುದು. ಇಬ್ಬರೂ ಒಪ್ಪಿದ ಮೇಲೆಯೇ ಪೆನ್ನು ಕಾಗದ ಮುಟ್ಟಬೇಕು. ಅಲ್ಲಿ ಕಂಡದ್ದು ಅಲ್ಲೇ ಸಾಯಬೇಕು. ಹಾಗಂತ ಪ್ರಮಾಣ ಮಾಡಿಸಿಯೇ ಕಳಿಸುವುದು.

ಅವಳ ಪಾಲಿಗೆ ಬಂದ ರಿಪಬ್ಲಿಕನ್ ಹೋಬಾರ್ಟ್ ಕ್ರೌಚ್. ಬಿತ್ತನೆ ಬೀಜ, ಗೊಬ್ಬರದ ಅಂಗಡಿಯವನು. ಅವಳಿಗಿಂತ ಹಿರಿಯ, ಒಣಗಿದ ಕೊರಡಿನಂಥ ಆಳು. ಊರಿನ ರಿಪಬ್ಲಿಕನ್ನರು ವರ್ಷಕ್ಕೊಮ್ಮೆ ಮಾಡುವ ದೊಡ್ಡ ಊಟಕ್ಕೆ ಮೊದಲು ಟಿಕೆಟ್ ಕೊಳ್ಳುವವನು. ಅವರ ಪಕ್ಷದ ಗುರುತು ಆನೆ, ಇವಳದು ಕತ್ತೆ. ಮೊದಲ ದಿನ ಅವಳು ಕಾರು ಹತ್ತುವ ಮುಂಚೆಯೇ ಶುರು ಮಾಡಿದ:

"ಬಾಗಿಲು ಮೆಲ್ಲಗೆ ಹಾಕು ತಾಯಿ. ಇದು ರಿಪಬ್ಲಿಕನ್ ಕಾರು, ಡೆಮಾಕ್ರಟರನ್ನ ಹತ್ತಿಸಿ ರೂಢಿ ಇಲ್ಲ."

"ಅದಕ್ಕೇ ಹೀಗೆ ಕೆಮ್ತಾ ಇದೆ," ಅಂದಳು ನೋರೀನ್. "ಗಣಿಯವರ ಕೈಗೆ ಕೊಡು, ರಿಪೇರಿ ಮಾಡಿ ಕೊಡ್ತಾರೆ."

ಹೀಗೆ ಶುರುವಾದದ್ದು ಮೇ ತಿಂಗಳಲ್ಲಿ ಪಕ್ಷದ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆ, ನವೆಂಬರಿನ ಚುನಾವಣೆ ಅಂತ ವರ್ಷಗಟ್ಟಲೆ ನಡೆಯಿತು. ಚೀಲ ಹಿಂದಿನ ಸೀಟಿನಲ್ಲಿ, ಇವರಿಬ್ಬರು ಮುಂದೆ, ಜಗಳ ಮಧ್ಯದಲ್ಲಿ. ತೆರಿಗೆ, ಯುದ್ಧ, ಸಂಘ, ಶಾಲೆಯ ಬಸ್ಸು, ಒಂದನ್ನೂ ಬಿಡಲಿಲ್ಲ. ಊಟದ ಹೊತ್ತಿಗೆ ಹೋಟೆಲಿಗೆ ಹೋದರೆ ಚೀಲಕ್ಕೂ ಒಂದು ಕುರ್ಚಿ. ಒಬ್ಬರು ಬಾತ್‌ರೂಮಿಗೆ ಎದ್ದರೆ ಇನ್ನೊಬ್ಬರು ಚೀಲವನ್ನು ಕೌಂಟರಿನ ಮೇಲೆ ಎಲ್ಲರಿಗೂ ಕಾಣುವ ಹಾಗಿಟ್ಟು ಕೈ ಕಟ್ಟಿ ನಿಲ್ಲಬೇಕು. ಇದು ಯಾವ ಕಾನೂನಿನಲ್ಲೂ ಇಲ್ಲ, ಹೋಬಾರ್ಟ್ ಮಾಡಿದ ಕಟ್ಟಳೆ. "ನಮ್ಮ ಕೌಂಟಿಯಲ್ಲಿ ಆನೆಗೂ ಕತ್ತೆಗೂ ಆದ ಮದುವೆ ಇದೊಂದೇ," ಅಂತ ಹೋಟೆಲಿನವಳು ರೇಗಿಸುತ್ತಿದ್ದಳು. ಹೋಬಾರ್ಟನ ಹೆಂಡತಿ ತೀರಿಕೊಂಡಾಗ ಅವನ ಮನೆಗೆ ಮೊದಲು ಊಟ ಹೊತ್ತುಕೊಂಡು ಹೋದವಳು ನೋರೀನ್. ಅವನು ತಟ್ಟೆ ಮುಂದಿಟ್ಟುಕೊಂಡು, "ಉಪ್ಪು ಕಮ್ಮಿ," ಅಂದು, ಆಮೇಲೆ ಗಳಗಳನೆ ಅತ್ತನಂತೆ.

ಅವರ ಮೊದಲ ವರ್ಷದ ಒಂದು ಸಂಗತಿ ಹೇಳಲೇಬೇಕು. ಯೂಲಾ ಅನ್ನುವ ಮುದುಕಿ. ನೋರೀನಳ ಅಮ್ಮನ ಜತೆ ಹೊಲಿಗೆ ಕಾರ್ಖಾನೆಯಲ್ಲಿ ದುಡಿದವಳು, ಪಕ್ಷದ ಊಟಕ್ಕೆ ಒಂದು ವರ್ಷವೂ ತಪ್ಪಿಸದವಳು. ಇವರು ಹೋದಾಗ ತೂಕಡಿಸುತ್ತಿದ್ದಳು. ಹೆಸರು ಓದಿದರೆ ಕಣ್ಣು ಮುಚ್ಚುವಳು, ಮತ್ತೆ ಎಬ್ಬಿಸಿದರೆ ಮತ್ತೆ ಮುಚ್ಚುವಳು. ನಮ್ಮಲ್ಲಿ ಮತಪತ್ರದ ತಲೆಯಲ್ಲೇ ಪಕ್ಷದ ಹೆಸರಿನ ಮುಂದೆ ಒಂದು ಗುರುತು ಹಾಕಿಬಿಟ್ಟರೆ, ಆ ಪಕ್ಷದವರಿಗೆಲ್ಲ ಒಟ್ಟಿಗೇ ಓಟು ಬಿದ್ದ ಹಾಗೆ. ಬೇಡ ಅನ್ನುವವರು ಒಂದೊಂದು ಹುದ್ದೆಗೂ ಬಿಡಿಬಿಡಿಯಾಗಿ ಹಾಕಬಹುದು. ನೋರೀನ್ ಅಂದಳು:

"ಇವಳು ಹುಟ್ಟಾ ನಮ್ಮವಳು, ನಿನಗೂ ಗೊತ್ತು. ಮೇಲೊಂದು ಗುರುತು ಹಾಕಿ ಎದ್ದುಬಿಡೋಣ. ಪಾಪ, ಮಲಗಲಿ."

"ಹೋದ ಸಲ ಏನು ಹಾಕಿದ್ದಳು ಅಂತ ನಿನಗೆ ಗೊತ್ತು. ಸರಿ," ಅಂದ ಹೋಬಾರ್ಟ್. "ಇವತ್ತು ಬೆಳಿಗ್ಗೆ ಎದ್ದು ಏನಂದುಕೊಂಡಳು, ಅದು ಗೊತ್ತಾ?"

"ಅಲ್ಲಾ, ಜೀವಮಾನ ಪೂರ್ತಿ..."

"ಜೀವಮಾನ ಓಟು ಹಾಕಲ್ಲ ನೋರೀನ್. ಯೂಲಾ ಹಾಕಬೇಕು. ಅವಳು ಹೇಳಲಿಲ್ಲ ಅಂದ್ರೆ ಇಲ್ಲ."

ಇಬ್ಬರೂ ಚೀಲ ಮಡಿಲಲ್ಲಿಟ್ಟುಕೊಂಡು ಮುದುಕಿ ಏಳುವ ತನಕ ಕಾದರು. ಎದ್ದಳು, ಕಣ್ಣು ತೊಳೆಸಿಕೊಂಡಳು, ಒಂದೊಂದು ಹುದ್ದೆಗೂ ಹೆಸರು ಹೇಳಿ ಹಾಕಿಸಿದಳು. ಯಾರ ಹೆಸರು ಅಂತ ನೋರೀನ್ ಇವತ್ತಿಗೂ ಬಾಯಿ ಬಿಟ್ಟಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಅವಳು ಉಸಿರೆತ್ತಲಿಲ್ಲ ಅಂತ ಹೋಬಾರ್ಟ್ ಹೇಳಿಕೊಂಡು ನಗುತ್ತಿದ್ದ, ಅಷ್ಟೇ.

ಈಗ ಡೆನ್ಸಿಲ್ ವಿಷಯ. ತಾಯಿ ಸತ್ತು, ಕುಡುಕ ತಂದೆಯ ಕೈಗೆ ಸಿಕ್ಕಿ ನರಳುತ್ತಿದ್ದ ಪಕ್ಕದ ಬೀದಿಯ ಹುಡುಗ. ನೋರೀನಳ ಅಡುಗೆಮನೆಯ ಮೇಜಿನ ಮೇಲೆ ಉಂಡು, ಅದೇ ಮೇಜಿನ ಮೇಲೆ ಓದಿ, ಆರ್ವಿಲ್‌ನ ಹಳೇ ಕೋಟು ತೊಟ್ಟು ದೊಡ್ಡವನಾದ. ಕಾನೂನಿನ ಪ್ರಕಾರ ಅವಳಿಗೆ ಏನೂ ಆಗಬೇಕಾದವನಲ್ಲ. ಸ್ವಂತ ಮಗನೋ ತಮ್ಮನೋ ಆಗಿದ್ದರೆ ಅವನು ನಿಂತ ಚುನಾವಣೆಯಲ್ಲಿ ಅವಳು ಚೀಲ ಮುಟ್ಟುವ ಹಾಗೇ ಇರಲಿಲ್ಲ. ಆದರೆ ಊರಿನ ಕಣ್ಣಿಗೆ ಅವನು ಅವಳ ಮಗನೇ. ಈ ಗಲಾಟೆ ಎದ್ದ ವರ್ಷ ಅವನು ನಮ್ಮ ಟೌನ್‌ಶಿಪ್ಪಿನ ಟ್ರಸ್ಟಿ ಹುದ್ದೆಗೆ ಡೆಮಾಕ್ರಟ್ ಅಭ್ಯರ್ಥಿಯಾಗಿ ನಿಂತ. ದೊಡ್ಡ ಹುದ್ದೆಯೇನಲ್ಲ: ಬಾಡಿಗೆ ಕಟ್ಟಲಾರದ ಬಡವರಿಗೆ ನೆರವು, ಸ್ಮಶಾನದ ಹುಲ್ಲು, ಬೆಂಕಿ ಆರಿಸುವ ಗಾಡಿ, ಇಷ್ಟು ನೋಡಿಕೊಳ್ಳುವುದು. ಆದರೆ ಬೆರಳೆಣಿಕೆಯ ಓಟಿನಲ್ಲಿ ಗೆಲ್ಲುವ, ಬೆರಳೆಣಿಕೆಯ ಓಟಿನಲ್ಲಿ ಸೋಲುವ ಹುದ್ದೆ.

ಬೇಸಿಗೆಯಲ್ಲಿ ಹೋಬಾರ್ಟನ ಅಂಗಡಿಯ ಮುಂದೆ ನಿಂತು ನೋರೀನ್ ಕೆಣಕಿದಳು: "ಏನಯ್ಯಾ, ನನ್ನ ಹುಡುಗನಿಗೆ ಹಾಕ್ತೀಯೋ, ನಿನ್ನ ಆನೆ ಬಾಲ ಹಿಡ್ಕೊಂಡೇ ಹೋಗ್ತೀಯೋ?"

"ಹುಡುಗ ಒಳ್ಳೆಯವನು. ಪಕ್ಷ ಸರಿಯಿಲ್ಲ."

"ಅಂದ್ರೆ?"

"ಅಂದ್ರೆ ಓಟು ಹಾಕೋ ಕಡೆ ಪರದೆ ಇರೋದು ಯಾಕೆ ನೋರೀನ್? ನನ್ನ ಹೆಂಡತಿಗೇ ಹೇಳಿದವನಲ್ಲ, ನಿನಗೆ ಹೇಳ್ತೀನಾ?" ಅಂದು ಗೊಬ್ಬರದ ಮೂಟೆ ಎತ್ತಿಕೊಂಡು ಒಳಗೆ ಹೋದ.

ಸೆಪ್ಟೆಂಬರಿನಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಬಾಯಿ ಒಂದು ಪಕ್ಕಕ್ಕೆ ಎಳೆಯಿತು. ಮಾತೆಲ್ಲ ಹೋಗಿ ಒಂದೇ ಒಂದು ಉಳಿಯಿತು: "ಹೌದು." ನೀರು ಬೇಕಾ ಅಂದರೂ ಹೌದು, ನೀರು ಬೇಡವಾ ಅಂದರೂ ಹೌದು. ನೋವಾದರೂ ಹೌದು, ಸಿಟ್ಟು ಬಂದರೂ ಹೌದು. ಡಾಕ್ಟರು ಮಿದುಳಿನಲ್ಲಿ ಮಾತಿನ ಜಾಗಕ್ಕೆ ಪೆಟ್ಟು ಬಿದ್ದಿದೆ, ನಾವು ಅನ್ನುವುದು ಎಷ್ಟು ಒಳಗೆ ಹೋಗುತ್ತಿದೆಯೋ ಹೇಳಲಾಗದು ಅಂದರು. ಮಗಳು ಮಾರ್ಲಾ ಅವನನ್ನು ಗುಡ್ಡದ ಮೇಲಿನ ವೃದ್ಧರ ಮನೆಗೆ ಸೇರಿಸಿದಳು. ನೋರೀನ್ ವಾರಕ್ಕೆ ಎರಡು ಮೂರು ಸಲ ಹೋಗಿ ಪಕ್ಕದಲ್ಲಿ ಕೂತು, ಇಬ್ಬರ ಪಾಲಿನ ಜಗಳವನ್ನೂ ಒಬ್ಬಳೇ ಆಡಿ ಬರುತ್ತಿದ್ದಳು. ಅವನು ಪ್ರತಿಯೊಂದಕ್ಕೂ ಹೌದು ಅನ್ನುತ್ತಿದ್ದ. "ಕೊನೆಗೂ ಒಪ್ಪಿದೆ ನೋಡು," ಅಂತ ನಗಿಸಲು ನೋಡಿ, ತಾನೇ ಅತ್ತು ಎದ್ದು ಬರುತ್ತಿದ್ದಳು.

ಚೀಲಕ್ಕೆ ಹೋಬಾರ್ಟನ ಜಾಗದಲ್ಲಿ ರಿಪಬ್ಲಿಕನ್ನರು ಲೋವೆಲ್ ಬಿಕ್ನೆಲ್ ಅನ್ನುವವನನ್ನು ಹಾಕಿದರು. ದನ, ಟ್ರಾಕ್ಟರು, ಸತ್ತವರ ಮನೆಯ ಪಾತ್ರೆಪಗಡ ಹರಾಜು ಕೂಗುವವನು. ಕೆಟ್ಟವನಲ್ಲ, ಆದರೆ ಎಲ್ಲದರಲ್ಲೂ ಅವಸರ. ಅಕ್ಟೋಬರ್ ಕೊನೆಯ ಒಂದು ಬೆಳಿಗ್ಗೆ ಇಬ್ಬರೂ ಗುಡ್ಡದ ಮೇಲಿನ ಆ ಮನೆಗೆ ಹೋದರು. ಮಾರ್ಲಾ ಅಪ್ಪನ ಹೆಸರಿನಲ್ಲಿ ಚೀಲ ಕಳಿಸಿ ಅಂತ ಮೊದಲೇ ಕೇಳಿಕೊಂಡಿದ್ದಳು.

ಹೋಬಾರ್ಟನನ್ನು ಗಾಲಿಕುರ್ಚಿಯಲ್ಲಿ ಕೂರಿಸಿದ್ದರು. ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ, ಕಾಲರಿಗೆ ಬೆಳ್ಳಿಯ ಆನೆಯ ಪಿನ್ನು ಚುಚ್ಚಿದ್ದಳು ಮಗಳು. ನೋರೀನಳನ್ನು ಕಂಡದ್ದೇ ಅವನ ಎಡಗೈ ಮೇಲೆದ್ದಿತು. "ಹೌದು, ಹೌದು, ಹೌದು!" ಅಂದ.

"ಚುನಾವಣೆ ಅಂತ ಹೇಳಿದಾಗಿನಿಂದ ಹೀಗೇ ಆಡ್ತಿದ್ದಾರೆ ಆಂಟಿ," ಅಂದಳು ಮಾರ್ಲಾ. ಚಿಕ್ಕಂದಿನಿಂದ ನೋರೀನಳನ್ನು ಆಂಟಿ ಅಂತಲೇ ಕರೆದವಳು. "ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಇವತ್ತು ಓಟು ಹಾಕಿಬಿಟ್ಟರೆ ಅವರಿಗೆ ಒಂದಷ್ಟು ಜೀವ ಬರುತ್ತೆ."

ನೋರೀನ್ ಮೊದಲು ಆ ಆನೆಯ ಪಿನ್ನನ್ನು ಬಿಚ್ಚಿ ಮಾರ್ಲಾಳ ಕೈಗೆ ಕೊಟ್ಟಳು. ಓಟು ಹಾಕುವ ಕಡೆ ಪಕ್ಷದ ಗುರುತು ಇರಕೂಡದು. ಹೋಬಾರ್ಟೇ ಎಷ್ಟು ಜನರ ಪಕ್ಷದ ಟೋಪಿ ತೆಗೆಸಿಲ್ಲ. ಆದರೆ ಮಾರ್ಲಾಳ ಮುಖ ಅಷ್ಟಕ್ಕೇ ಸಣ್ಣಗಾಯಿತು. ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

"ಹೋಬಾರ್ಟ್," ಅಂದಳು ನೋರೀನ್, ಮುಂದೆ ಮಂಡಿಯೂರಿ ಕೂತು. "ಮೇಲೆ ಒಂದೇ ಗುರುತು ಹಾಕಿ ಒಂದು ಪಕ್ಷಕ್ಕೇ ಕೊಡ್ತೀಯಾ?"

"ಹೌದು."

"ರಿಪಬ್ಲಿಕನ್?"

"ಹೌದು."

ಲೋವೆಲ್ ಪೆನ್ನಿನ ಮುಚ್ಚಳ ತೆಗೆದ. ನೋರೀನ್ ಕೈ ಅಡ್ಡ ಹಿಡಿದು ಮತ್ತೆ ಕೇಳಿದಳು: "ಡೆಮಾಕ್ರಟ್?"

"ಹೌದು, ಹೌದು."

ಮತಪತ್ರವನ್ನು ಮಡಿಲ ಮೇಲಿಟ್ಟು ಬೆರಳು ಇಡಿಸಿ ನೋಡಿದಳು. ಎಡಗೈಯ ಬೆರಳು ಕಾಗದ ಎಲ್ಲಿ ಹತ್ತಿರ ಸಿಕ್ಕಿತೋ ಅಲ್ಲಿ ಕೂತಿತು. ಕಾಗದ ತಿರುಗಿಸಿಟ್ಟಳು. ಬೆರಳು ಮತ್ತೆ ಅದೇ ಹತ್ತಿರದ ಮೂಲೆಗೇ ಬಂತು, ಈ ಸಲ ಬೇರೆ ಹೆಸರಿನ ಮೇಲೆ. ಬೇಕಾದರೆ ನನ್ನ ಕೈ ಒತ್ತು, ಬೇಡವಾದರೆ ಬಿಡು ಅಂದಳು. ಅವನು ಒತ್ತಿದ ಕೈ ಬಿಡಲೇ ಇಲ್ಲ. ಒಂದೊಂದು ಹುದ್ದೆಗೂ ಒಂದೊಂದು ಹೆಸರನ್ನೂ ಓದಿದಳು, ಹಿಂದುಮುಂದಾಗಿ ಓದಿದಳು. ಕೊನೆಗೆ ಟ್ರಸ್ಟಿ ಹುದ್ದೆ ಬಂತು. ಡೆನ್ಸಿಲ್‌ಗೂ ಹೌದು, ಅವನ ಎದುರಾಳಿಗೂ ಹೌದು.

"ತಾಯಿ, ಇನ್ನೆಷ್ಟು ಹೊತ್ತು?" ಅಂದ ಲೋವೆಲ್. "ಇಡೀ ಕೌಂಟಿಗೆ ಗೊತ್ತಿರೋ ವಿಷಯ. ಹೋಬಾರ್ಟ್ ಕ್ರೌಚ್ ಯಾರ ಕಡೆ ಅಂತ ದನಕರುಗಳನ್ನ ಕೇಳಿದ್ರೂ ಹೇಳ್ತಾವೆ. ಮೇಲೊಂದು ಗುರುತು, ಹಿಂದೆ ನಿಮ್ಮದೊಂದು ಸಹಿ ನನ್ನದೊಂದು ಸಹಿ, ಮುಗೀತು."

"ದನಕರುಗಳಿಗೆ ಓಟಿಲ್ಲ ಲೋವೆಲ್. ಇವನು ಹೇಳಬೇಕು."

"ಹೇಳಿದನಲ್ಲ! ರಿಪಬ್ಲಿಕನ್ ಅಂದಾಗ ಹೌದು ಅಂದನಲ್ಲ!"

"ಡೆಮಾಕ್ರಟ್ ಅಂದಾಗಲೂ ಅಂದ. ನಿನ್ನ ಹೌದನ್ನ ಇಟ್ಕೊಂಡು ನನ್ನ ಹೌದನ್ನ ಬಿಡೋದು ಯಾವ ನ್ಯಾಯ?"

ಲೋವೆಲ್ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದ. ದನಿ ತಗ್ಗಿಸಿ ಅಂದ, "ಡೆನ್ಸಿಲ್ ನಿಮ್ಮ ಮನೆ ಅನ್ನ ತಿಂದ ಹುಡುಗ. ನಾಳೆ ಜನ ಏನಂತಾರೆ ಯೋಚನೆ ಮಾಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಅದನ್ನು ಅವಳು ಯೋಚಿಸದೆ ಇರಲಿಲ್ಲ. ದೇವರಾಣೆ ಯೋಚಿಸಿದಳು. ಆ ಒಂದು ಗುರುತು ಹಾಕಿಬಿಟ್ಟರೆ ಎಷ್ಟು ಸುಲಭ! ಹೋಬಾರ್ಟನ ಮುಖ ಅರಳುತ್ತದೆ, ಮಾರ್ಲಾ ಅಪ್ಪಿಕೊಳ್ಳುತ್ತಾಳೆ, ತನ್ನ ಹುಡುಗನ ವಿರುದ್ಧವೇ ಗುರುತು ಹಾಕಿದ ಧರ್ಮಾತ್ಮಳು ಅಂತ ಊರು ಹೊಗಳುತ್ತದೆ. ಬೇಡ ಅಂದರೆ ಹೋಬಾರ್ಟ್, ಮಾರ್ಲಾ, ಊರು, ಮೂರೂ ಕೈತಪ್ಪುತ್ತವೆ. ಆದರೆ ಬೇಸಿಗೆಯಲ್ಲಿ ಗೊಬ್ಬರದ ಮೂಟೆ ಎತ್ತಿಕೊಂಡು ಹೇಳದೆ ಒಳಗೆ ಹೋದವನು ಇವನೇ. ಅವನು ಹೇಳದೇ ಇಟ್ಟುಕೊಂಡದ್ದನ್ನು ಈಗ ಬಾಯಿ ಬಿದ್ದುಹೋಗಿದೆ ಅಂತ ಇವಳು ಹೇಳಿಬಿಡುವುದೇ? ಊರಿಗೆ ಗೊತ್ತು ಅಂತ ಊರೇ ಅವನ ಓಟು ಹಾಕಿಬಿಡುವುದೇ? ಅವಳಿಗೆ ಯೂಲಾ ನೆನಪಾದಳು. ಆ ದಿನ ಕಾರಿನಲ್ಲಿ ತನಗಾದ ನಾಚಿಕೆ ನೆನಪಾಯಿತು.

"ಗುರುತು ಹಾಕೋದಿಲ್ಲ," ಅಂದಳು. "ಖಾಲಿ ವಾಪಸ್ ತಗೊಂಡು ಹೋಗೋಣ."

ಮತಪತ್ರವನ್ನು ಮಡಿಚಿ ಚೀಲಕ್ಕೆ ಹಾಕುವುದನ್ನು ಹೋಬಾರ್ಟ್ ನೋಡಿದ. ಮೊದಲು ಅರ್ಥವಾಗದವನ ಹಾಗೆ ನೋಡಿದ. ಆಮೇಲೆ ಎಡಗೈ ಚಾಚಿ ಚೀಲದ ಪಟ್ಟಿ ಹಿಡಿದ. "ಹೌದು," ಅಂದ. "ಹೌದು, ಹೌದು, ಹೌದು!" ದನಿ ಏರುತ್ತಾ ಹೋಯಿತು, ಕುತ್ತಿಗೆಯ ನರ ಉಬ್ಬಿತು, ಎಳೆದ ಬಾಯಿಯಿಂದ ಜೊಲ್ಲು ಇಳಿಯಿತು. ಕಣ್ಣಲ್ಲಿ ನೀರು. ನೋರೀನ್ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಬಾಗಿಲು ತೆರೆದಾಗ ಮಾರ್ಲಾಗೆ ಹೇಳಬೇಕಾದದ್ದನ್ನು ಲೋವೆಲ್ ಹೇಳಿದ: "ನಾನು ಹಾಕೋಣ ಅಂದೆ ಮಗಳೇ. ಈಕೆ ಬಿಡಲಿಲ್ಲ."

ನವೆಂಬರಿನಲ್ಲಿ ಎಣಿಕೆಯಾಯಿತು. ಡೆನ್ಸಿಲ್ ಒಂದು ಓಟಿನಿಂದ ಗೆದ್ದ. ಎದುರಾಳಿ ಮರುಎಣಿಕೆ ಕೇಳಿದ. ಮತ್ತೆ ಎಣಿಸಿದರು, ಮತ್ತೆ ಅದೇ ಒಂದು. ಹೋಬಾರ್ಟನ ಓಟು ರಿಪಬ್ಲಿಕನ್ನರಿಗೆ ಬಿದ್ದಿದ್ದರೆ ಸಮಸಮ ಆಗುತ್ತಿತ್ತು. ಸಂಜೆಯೊಳಗೆ ಆ ಮಾತು ಕೌಂಟಿಯ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಿತು. ಮಾರ್ಲಾ ಅತ್ತುಕೊಂಡು ಹೇಳಿದ್ದನ್ನು ಲೋವೆಲ್ ಹರಾಜಿನ ಗಂಟಲಲ್ಲಿ ಹೇಳಿದ. ದಿನಸಿ ಅಂಗಡಿಯಲ್ಲಿ ನೋರೀನಳ ಹಿಂದೆ ಸಾಲಿನಲ್ಲಿ ನಿಂತವರು ಬೇರೆ ಸಾಲಿಗೆ ಹೋದರು. ಯಾರೋ ಅವಳ ಅಂಚೆಡಬ್ಬಿಗೆ ಸತ್ತ ಇಲಿ ಹಾಕಿದರು. ಅವಳ ಕೈಯಲ್ಲಿ ಎರಡು ಸಲ ಬಡಿಸಿಕೊಂಡು ತಿಂದ ಹುಡುಗರೇ ಇರಬೇಕು, ಈಗ ಮೀಸೆ ಬಂದವರು.

ಅದನ್ನೆಲ್ಲ ಅವಳು ನುಂಗಿಕೊಂಡಾಳು. ನುಂಗಲಾಗದ್ದು ತನ್ನವರ ಹೊಗಳಿಕೆ. ಪಕ್ಷದ ಅಧ್ಯಕ್ಷ ಅವಳ ಅಡುಗೆಮನೆಗೇ ಬಂದು, ಕಾಫಿ ಕುಡಿದು, ಹೊರಡುವಾಗ ಭುಜ ತಟ್ಟಿದ.

"ಗಟ್ಟಿಗಿತ್ತಿ ಕಣಮ್ಮ ನೀನು. ಮುಂದಿನ ಸಲವೂ ಚೀಲ ನಿನಗೇ."

"ನಾನು ಏನು ಮಾಡಿದೆ ಅಂತ ಈ ಮಾತು?"

"ಏನೂ ಮಾಡಿಲ್ಲ," ಅಂದು ಅವನು ಕಣ್ಣು ಮಿಟುಕಿಸಿದ. "ಅದೇ ಅಲ್ವಾ ಚಂದ! ಏನೂ ಮಾಡದೆಯೇ ಮಾಡಿಬಿಟ್ಟೆ."

ಅವಳು ಅವನನ್ನು ಬೀಳ್ಕೊಡಲು ಬಾಗಿಲ ತನಕವೂ ಹೋಗಲಿಲ್ಲ. ಅದಾದ ಮೇಲೆ ಡೆನ್ಸಿಲ್ ಬಂದ, ಹೂವು ಹಿಡಿದು. ಮೇಜಿನ ಅದೇ ಹಳೇ ಜಾಗದಲ್ಲಿ ಕೂತ. ತಲೆ ತಗ್ಗಿಸಿ, "ಆಂಟಿ, ನೀವು ನನಗೋಸ್ಕರ ಏನು ಮಾಡಿದ್ರಿ ಅಂತ ನನಗೆ ಗೊತ್ತು. ಸಾಯೋ ತನಕ ಮರೆಯಲ್ಲ," ಅಂದ.

ಅವಳು ಒಲೆಯ ಕಡೆ ತಿರುಗಿದ್ದವಳು ಹಾಗೇ ನಿಂತಳು. "ನೀನೂ ಹಾಗೇ ಅಂದ್ಕೊಂಡ್ಯಾ ಡೆನ್ಸಿಲ್?"

"ತಪ್ಪು ಅಂತ ಹೇಳ್ತಿಲ್ಲ ಆಂಟಿ..."

"ಯಾಕೆ ಹೇಳ್ತಿಲ್ಲ? ಕದ್ದಿದ್ರೆ ತಪ್ಪಲ್ವಾ? ನಾನು ನಿನಗೆ ಅನ್ನ ಹಾಕಿದ್ದು ಇದನ್ನ ಕಲಿಯೋಕಾ?"

ಹುಡುಗ ಬೆಪ್ಪಾಗಿ ಹೂವು ಅಲ್ಲೇ ಬಿಟ್ಟು ಹೋದ. ಅವಳು ಕುರ್ಚಿಯ ಮೇಲೆ ಕುಸಿದು ಕೂತಳು. ಅವಳು ಕದಿಯಲಿಲ್ಲ ಅನ್ನುವುದು ಶತ್ರುವಿಗೂ ಗೊತ್ತಿಲ್ಲ, ಸಾಕಿದ ಮಗನಿಗೂ ಗೊತ್ತಿಲ್ಲ. ಗೊತ್ತಿದ್ದರೆ ಹೋಬಾರ್ಟನೊಬ್ಬನಿಗೆ. ಅವನೊಬ್ಬ ಒಂದು ಮಾತು ಅಂದರೆ ಸಾಕಿತ್ತು.

ಹೋಗಲು ಅವಳಿಗೆ ಧೈರ್ಯ ಬಂದದ್ದು ಡಿಸೆಂಬರಿನಲ್ಲಿ. ಪರ್ಸಿಮನ್ ಹಣ್ಣಿನ ಪುಡ್ಡಿಂಗ್ ಮಾಡಿದ್ದಳು. ಅವನಿಗೆ ಅದೆಂದರೆ ಪ್ರಾಣ. ಭಾನುವಾರ ಮಧ್ಯಾಹ್ನ, ಚರ್ಚು ಮುಗಿಸಿಕೊಂಡು ಹೋದಳು. ಮಾರ್ಲಾ ಅಲ್ಲೇ ಇದ್ದಳು, ಅಪ್ಪನ ಉಗುರು ಕತ್ತರಿಸುತ್ತಿದ್ದಳು. ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದಳು.

"ಬರೋಕೆ ಮುಖ ಹೇಗೆ ಬಂತು ನಿಮಗೆ?"

ನೋರೀನ್ ಡಬ್ಬಿಯನ್ನು ಕಿಟಕಿಯ ಹತ್ತಿರ ಇಟ್ಟಳು. "ಅವನನ್ನ ನೋಡೋಕೆ ಬಂದೆ ಮಾರ್ಲಾ. ನಿನಗೆ ಬೇಡ ಅಂದ್ರೆ ಹೋಗ್ತೀನಿ."

"ನನ್ನನ್ನ ಯಾಕೆ ಕೇಳ್ತೀರಿ? ಅವರನ್ನೇ ಕೇಳೋಣ." ಮಾರ್ಲಾ ಉಗುರುಕತ್ತರಿ ಕೆಳಗಿಟ್ಟಳು, ಅಪ್ಪನ ಮುಖವನ್ನು ಎರಡೂ ಕೈಯಲ್ಲಿ ತನ್ನ ಕಡೆ ತಿರುಗಿಸಿಕೊಂಡಳು. "ಅಪ್ಪಾ, ಈಕೆ ನಿಮ್ಮ ಓಟು ಕದ್ದಳು ಅಲ್ವಾ? ಡೆನ್ಸಿಲ್‌ಗೋಸ್ಕರ ನಿಮ್ಮ ಓಟು ಕದ್ದಳು, ಅಲ್ವಾ ಅಪ್ಪಾ?"

"ಹೌದು," ಅಂದ ಹೋಬಾರ್ಟ್. "ಹೌದು, ಹೌದು."

"ಕೇಳಿಸ್ತಲ್ಲ," ಅಂದು ಮಾರ್ಲಾ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ಹುಡುಗಿಯ ತಪ್ಪಲ್ಲ. ಅಪ್ಪ ಹೋದ ಹಾಗೇ ಆಗಿಬಿಟ್ಟ ದುಃಖಕ್ಕೆ ಯಾರಾದರೊಬ್ಬರು ಸಿಗಬೇಕಿತ್ತು, ನೋರೀನ್ ಸಿಕ್ಕಳು.

ಕೋಣೆಯಲ್ಲಿ ಇಬ್ಬರೇ ಉಳಿದರು. ನೋರೀನ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತಳು. ಅವನ ಅಂಗಿಯ ಗುಂಡಿ ಸರಿಮಾಡಿದಳು. ಆಮೇಲೆ ತಡೆಯಲಾಗಲಿಲ್ಲ.

"ಹೋಬಾರ್ಟ್, ನಾನು ಮಾಡಿದ್ದು ಸರಿ ತಾನೇ? ನೀನಾಗಿದ್ರೂ ಹಾಗೇ ಮಾಡ್ತಿದ್ದೆ ತಾನೇ?"

ಅವನು ಅವಳನ್ನೇ ನೋಡಿದ. ಎಡಗೈ ಚಾಚಿ ಅವಳ ಮಣಿಕಟ್ಟು ಹಿಡಿದ, ಭದ್ರವಾಗಿ. ಕಣ್ಣು ತುಂಬಿತು.

"ಹೌದು," ಅಂದ.

ಆ ಒಂದು ಮಾತಿಗಾಗಿ ಅವಳು ಎಷ್ಟು ದಿನದಿಂದ ಕಾದಿದ್ದಳು! ಒಂದು ಗಳಿಗೆ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಎದ್ದು ಹೋಗಿ ಮಾರ್ಲಾಳನ್ನು ಕರೆತಂದು, ಕೇಳಮ್ಮಾ, ನಿಮ್ಮಪ್ಪನ ಬಾಯಲ್ಲೇ ಕೇಳು ಅನ್ನಬೇಕು ಅನ್ನಿಸಿತು. ಏಳಲೂ ಎದ್ದಳು. ಆಮೇಲೆ ಹಾಗೇ ಕೂತಳು. ಇದನ್ನು ನಂಬಿದರೆ ಈಗ ತಾನೇ ಮಾರ್ಲಾಗೆ ಅಂದದ್ದನ್ನೂ ನಂಬಬೇಕು. ಇದನ್ನು ಲೆಕ್ಕಕ್ಕೆ ಹಿಡಿದರೆ ಆ ದಿನ ಲೋವೆಲ್ ಪೆನ್ನು ತೆಗೆದಾಗ ಅಂದದ್ದನ್ನೂ ಹಿಡಿಯಬೇಕಿತ್ತು. ಅವನ ಓಟಿಗೆ ಸಾಲದ ಹೌದು ಅವಳ ನೆಮ್ಮದಿಗೆ ಮಾತ್ರ ಹೇಗೆ ಸಾಕಾದೀತು? ಅದು ಅವನ ಮನಸ್ಸಿನ ಮಾತೇ ಇರಬಹುದು. ಇಲ್ಲದೆಯೂ ಇರಬಹುದು. ಅವಳಿಗೆ ಎಂದಿಗೂ ಗೊತ್ತಾಗುವಂತಿರಲಿಲ್ಲ, ಮತ್ತು ಅದನ್ನು ಹೇಳಬಲ್ಲವನು ಪಕ್ಕದಲ್ಲೇ ಕೂತು ಅವಳ ಕೈ ಹಿಡಿದಿದ್ದ.

ಅವಳು ಬಿಕ್ಕಿಬಿಕ್ಕಿ ಅತ್ತಳು. ಅವನು ಹೌದು ಹೌದು ಅನ್ನುತ್ತಲೇ ಇದ್ದ. ಅಳು ನಿಂತ ಮೇಲೆ ಕರವಸ್ತ್ರದಿಂದ ಮೊದಲು ಅವನ ಬಾಯಿ ಒರೆಸಿ, ಆಮೇಲೆ ತನ್ನ ಮುಖ ಒರೆಸಿಕೊಂಡಳು. ಡಬ್ಬಿ ತೆರೆದು, ಚಮಚದಲ್ಲಿ ಪುಡ್ಡಿಂಗ್ ತೆಗೆದು, ಬಾಯಿಯ ಸರಿಯಿದ್ದ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ತಿನ್ನಿಸಿದಳು. ಇಷ್ಟವಾಯಿತಾ ಅಂತ ಮಾತ್ರ ಕೇಳಲಿಲ್ಲ.